ಮನೆಯಂಗಳದ ಕಲ್ಲುಹಾಸು

ಕಳೆದ ಸಂಚಿಕೆಯಲ್ಲಿ ನಾವು ಮನೆಯ ಬಾವಿಯನ್ನು ಕುರಿತು ಬರೆದ ನಾಲ್ಕು ಮಾತುಗಳನ್ನು ಓದಿ, ಹಾಸನದ ಕಡೆಯ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರು ಹೊಸದಾಗಿ ಮನೆ ಕಟ್ಟಿಸಿದ್ದಾರೆ. ಬೀದಿಯ ಗೇಟಿನಿಂದ ಕಾರು ನಿಲ್ಲಿಸುವ ಸ್ಥಳದವರೆಗೂ, ಅಲ್ಲಿಂದ ಹಿತ್ತಿಲಿನ ಹೂದೋಟದವರೆಗೂ ಕಲ್ಲು ಹಾಸಿಸಬೇಕೆಂದಿದ್ದಾರೆ. ಯಾವ ಕಲ್ಲು ಒಳ್ಳೆಯದು ಎಂಬುದು ಅವರ ಪ್ರಶ್ನೆ. ಪ್ರಶ್ನೆಯೇನೋ ಚಿಕ್ಕದು. ಆದರೆ ಹಿಂದೊಮ್ಮೆ ನಾವು ಇದನ್ನು ಯಾರನ್ನೂ ಕೇಳದೆ, ನಮ್ಮ ಬುದ್ಧಿಗೆ ತೋರಿದಂತೆ ನಡೆದು, ಅದರ ಫಲವನ್ನು ಮನೆಮಂದಿಯೆಲ್ಲರೂ ಅನುಭವಿಸಿದ್ದುಂಟು. ಆದುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುತ್ತೇವೆ.

ಸಂಸ್ಕೃತದಲ್ಲಿ ಕಲ್ಲು ಮೊದಲಾದುವನ್ನು ಹಾಸಿ ಗಟ್ಟಿಮಾಡಿದ ನೆಲಕ್ಕೆ ‘ಕುಟ್ಟಿಮ’ವೆಂದು ಹೆಸರು. ಅಮರಸಿಂಹನು ತನ್ನ ಕೋಶದಲ್ಲಿ ಈ ಶಬ್ದಕ್ಕೆ ಕಟ್ಟಲ್ಪಟ್ಟ ಭೂಮಿಯೆಂಬ ಅರ್ಥವನ್ನು ಕೊಟ್ಟಿದ್ದಾನೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತ ಪಾಠ ಹೇಳಿದ ನಮಗೆ ಆ ಶಬ್ದ ಬಾಯಿಗೆ ಬರುತ್ತಿದ್ದಿತು. ಆದರೆ ಭೂಮಿಯನ್ನು ಕಟ್ಟುವುದು ಬೇರೆ, ಅದರ ಬಾಯನ್ನು ಮುಚ್ಚುವುದು ಬೇರೆ ಎಂಬ ಭೇದವು ನಮಗೆ ತಿಳಿದದ್ದು ಒಬ್ಬ ಕಲ್ಲುಕುಟಿಗನಿಂದ.

ನಮ್ಮ ಮನೆಯಿರುವುದು ತುಮಕೂರಿನ ಒಂದು ಇಳಿಜಾರು ಬೀದಿಯಲ್ಲಿ. ಗೇಟಿನಿಂದ ಹಿಂದಣ ಚಪ್ಪರದವರೆಗೆ ೪೦ ಅಡಿ ಉದ್ದ, ೧೦ ಅಡಿ ಅಗಲದ ದಾರಿ. ಹಿಂದೆ ಅದು ಬರಿಯ ಮಣ್ಣಿನದು. ನಾಲ್ಕು ವರ್ಷಗಳ ಕೆಳಗೆ ನಮ್ಮ ಕಿರಿಯ ಮಗನು ಕಾರು ಕೊಂಡನು. ಹಸ್ತ ಚಿತ್ತೆಯ ಮಳೆಗೆ ಗಾಲಿಗಳು ಹೂತುಕೊಂಡು, ಎಲ್ಲರೂ ಸೇರಿ ನೂಕಬೇಕಾಯಿತು. “ಅಪ್ಪಾ, ಒಂದು ಸಲ ಕಾಂಕ್ರೀಟ್ ಹಾಕಿಸಿಬಿಟ್ಟರೆ ಜನ್ಮಕ್ಕೆ ಸಾಕು” ಎಂದನು. ನಾವೂ ಒಪ್ಪಿದೆವು. ಒಪ್ಪಿದ್ದು ಮಾತ್ರವಲ್ಲ, ನಡುಮನೆಗೆ ಹಾಸಿ ಉಳಿದಿದ್ದ ನುಣುಪಾದ ಗ್ರಾನೈಟ್ ತುಂಡುಗಳು ಸುಮ್ಮನೆ ಬಿದ್ದಿದ್ದುವೆಂದು, ಅವನ್ನು ತುಳಸಿಕಟ್ಟೆಗೆ ಹೋಗುವ ಕಾಲುದಾರಿಗೆ ನಾವೇ ನಿಂತು ಹಾಸಿಸಿದೆವು. ಹಣ ಉಳಿಯಿತೆಂದು ಆ ದಿನ ನಮಗೆ ಬಹಳ ಸಮಾಧಾನ.

ಮುಂದಿನ ಮಳೆಗಾಲದಲ್ಲಿ ಎರಡು ಸಂಗತಿಗಳು ನಡೆದುವು. ಮೊದಲನೆಯದು, ಹಿಂದೆ ನಮ್ಮ ಅಂಗಳದಲ್ಲೇ ಇಂಗುತ್ತಿದ್ದ ನೀರು ಕಾಂಕ್ರೀಟಿನ ಮೇಲೆ ಜಾರಿ, ತಗ್ಗಿನಲ್ಲಿರುವ ಪಕ್ಕದ ಮನೆಯ ಹೊಸ್ತಿಲಿಗೆ ನುಗ್ಗಿತು. ಆ ಮನೆಯಲ್ಲಿ ವೃದ್ಧೆಯೊಬ್ಬರೇ ಇದ್ದಾರೆ. ಅವರು ಬಂದು, “ಮೇಷ್ಟ್ರೇ, ನಿಮ್ಮ ಮನೆ ನೀರು ನಮ್ಮ ಅಡಿಗೆಮನೆವರೆಗೂ ಬಂತು” ಎಂದಷ್ಟೇ ಹೇಳಿ ಹೋದರು. ಜಗಳವಾಡಿದ್ದರೆ ನಾವೂ ನಾಲ್ಕು ಮಾತಾಡುತ್ತಿದ್ದೆವೋ ಏನೋ, ಅವರು ಜಗಳವಾಡಲಿಲ್ಲ. ಎರಡನೆಯದು, ಒಂದು ಶುಕ್ರವಾರ ಬೆಳಗ್ಗೆ ತುಳಸಿಗೆ ನೀರೆರೆಯಲು ಹೋದ ನಮ್ಮ ಮನೆಯವರು ಆ ನುಣುಪುಗಲ್ಲಿನ ಮೇಲೆ ಕಾಲು ಜಾರಿ ಬಿದ್ದು ಮಣಿಕಟ್ಟನ್ನು ಮುರಿದುಕೊಂಡರು. ಆರು ವಾರ ಕೈಗೆ ಪ್ಲಾಸ್ಟರ್ ಪಟ್ಟಿ. ಅಷ್ಟು ದಿನವೂ ಬಾಗಿಲಿಗೆ ಅವರ ಕೈಯ ರಂಗವಲ್ಲಿಯಿಲ್ಲ. “ಮದುವೆಯ ದಿನ ಕಲ್ಲು ಮೆಟ್ಟಿಸಿ, ಕಲ್ಲಿನ ಹಾಗೆ ಸ್ಥಿರವಾಗಿ ನಿಲ್ಲು ಎಂದಿರಿ. ಈಗ ನೀವು ಹಾಸಿದ ಕಲ್ಲೇ ನನ್ನನ್ನು ಕೆಡವಿತು” ಎಂದು ಅವರು ನಕ್ಕರು. ಅಶ್ಮಾರೋಹಣದ ಅರ್ಥವನ್ನು ಎಷ್ಟೋ ಮದುವೆಗಳಲ್ಲಿ ವಿವರಿಸಿದ ನಮಗೆ ಅಂದು ಉತ್ತರ ಹೊಳೆಯಲಿಲ್ಲ.

ಕೈ ಕೂಡಿದ ಮೇಲೆ ನಾವು ಪರಿಚಯದವರ ಮೂಲಕ ಒಬ್ಬ ವಯಸ್ಸಾದ ಕಲ್ಲುಕುಟಿಗನನ್ನು ಕರೆಯಿಸಿದೆವು. ಆತ ಅಂಗಳವನ್ನು ಒಂದು ಸುತ್ತು ನೋಡಿ, ಕಾಂಕ್ರೀಟಿನ ಒಂದು ಮೂಲೆಯನ್ನು ಒಡೆಸಿ, ಒಳಗಿನ ಮಣ್ಣನ್ನು ಹಿಡಿಯಲ್ಲಿ ತೆಗೆದು ತೋರಿಸಿದನು. ಹಿಂದಿನ ರಾತ್ರಿ ಒಳ್ಳೆಯ ಮಳೆ ಬಿದ್ದಿದ್ದರೂ ಆ ಮಣ್ಣು ಒಣಗಿ ಪುಡಿಪುಡಿಯಾಗಿದ್ದಿತು. “ಮೇಷ್ಟ್ರೇ, ನೀವು ನೆಲಕ್ಕೆ ಮುಚ್ಚಳ ಹಾಕಿಬಿಟ್ಟಿದ್ದೀರಿ. ನೀರಿಗೆ ಒಳಗೆ ಹೋಗೋಕೆ ದಾರಿ ಇಲ್ಲ ಅಂದಮೇಲೆ ಅದು ಪಕ್ಕದ ಮನೆಗೇ ಹೋಗ್ತದೆ” ಎಂದನು. “ಹಾಗಾದರೆ ಯಾವ ಕಲ್ಲು ಹಾಕೋಣ ಯಜಮಾನ?” ಎಂದು ಕೇಳಿದೆವು. “ಕಲ್ಲಿನ ಮಾತು ಆಮೇಲೆ. ಕಲ್ಲಿನ ಕೆಳಗೇನು ಹಾಕ್ತೀರಿ, ಕಲ್ಲಿನ ನಡುವೆ ಏನು ಹಾಕ್ತೀರಿ, ಅದನ್ನ ಮೊದಲು ಹೇಳಿ” ಎಂದನು. ಹಾಸನದ ವಾಚಕರಿಗೆ ನಾವು ಕೊಡಬೇಕಾದ ಉತ್ತರವೂ ಇಷ್ಟೇ. ಉಳಿದುದೆಲ್ಲ ಇದರ ವಿವರ.

ಆತ ಸೂಚಿಸಿದ್ದು ಚಿಕ್ಕ ಚೌಕಗಲ್ಲುಗಳನ್ನು. ನಾಲ್ಕು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲ, ನಾಲ್ಕು ಅಂಗುಲ ದಪ್ಪ. ಒಂದು ಕೈಯಲ್ಲಿ ಎತ್ತಬಹುದಾದಂಥವು. ವ್ಯಾಪಾರಿಗಳು ಇವನ್ನು ‘ಕಾಬಲ್’ ಎನ್ನುತ್ತಾರೆ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ೨೦೧೮ರಲ್ಲಿ ನವೀಕರಿಸಿ ತೆರೆದಾಗ ಹಾಸಿದ್ದ ಇಂಥ ಗ್ರಾನೈಟ್ ಕಲ್ಲುಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ದೊಡ್ಡ ಚಪ್ಪಡಿಗಿಂತ ಚಿಕ್ಕ ಕಲ್ಲು ಗಾಲಿಯ ಭಾರಕ್ಕೆ ಮೇಲು. ಚಪ್ಪಡಿಯ ಕೆಳಗೆ ಎಲ್ಲಿಯಾದರೂ ಟೊಳ್ಳಿದ್ದರೆ, ಗಾಲಿ ಹತ್ತಿದಾಗ ಅದು ನಡುವೆ ಸೀಳುತ್ತದೆ. ದಪ್ಪವೂ ಅಗಲವೂ ಸಮವಾಗಿರುವ ಕಲ್ಲು ಬಾಗಿ ಮುರಿಯುವಂತಿಲ್ಲ. ಕುಸಿದರೂ ಅದೊಂದೇ ಕುಸಿಯುತ್ತದೆ, ಎತ್ತಿ ಸರಿಪಡಿಸಬಹುದು.

ಇನ್ನು ಕಲ್ಲಿನ ಜಾತಿಯ ವಿಚಾರ. ನಮ್ಮ ದಕ್ಷಿಣದ ಜಿಲ್ಲೆಗಳ ನೆಲದಡಿಯಲ್ಲೆಲ್ಲ ಗ್ರಾನೈಟ್ ಮತ್ತು ಅದರ ಬಂಧುವಾದ ನೈಸ್ ಶಿಲೆಗಳೇ ಹೆಚ್ಚು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆ ಈ ಜಾತಿಯದು. ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದನ್ನು ೧೯೭೫ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಯಿತು. ೧೯೫೬ರಲ್ಲಿ ಪೂರ್ಣಗೊಂಡ ವಿಧಾನಸೌಧದ ಗೋಡೆಗಳೂ ಗ್ರಾನೈಟಿನವೇ. ಈ ಕಲ್ಲು ನೀರನ್ನು ಹೆಚ್ಚಾಗಿ ಕುಡಿಯುವುದಿಲ್ಲ, ಗಾಲಿಗೆ ಸವೆಯುವುದಿಲ್ಲ, ಹುಣಿಸೆ ನಿಂಬೆಗಳ ಹುಳಿಗೆ ಕರಗುವುದಿಲ್ಲ. ಕಾರಿನ ದಾರಿಗೆ ಬೂದುಬಣ್ಣದ ಈ ಕಲ್ಲೇ ಉತ್ತಮ.

ಶಹಾಬಾದಿನ ಹಾಸುಗಲ್ಲು ಕಲಬುರಗಿ ಸೀಮೆಯ ಸುಣ್ಣಗಲ್ಲಿನ ಜಾತಿಯದು, ಪದರಪದರವಾಗಿ ಏಳುತ್ತದೆ. ಮನೆಯೊಳಗೆ ತಂಪು, ನಡೆಯಲು ಹಿತ. ಆದರೆ ತೆಳು ಚಪ್ಪಡಿಯಾದ ಅದನ್ನು ಗಾಲಿಯ ಕೆಳಗೆ ಹಾಕಿದರೆ ಬಾಳುವುದಿಲ್ಲ. ಹುಳಿ ಬಿದ್ದಲ್ಲಿ ಅದರ ಮೈ ಕೆಡುತ್ತದೆ. ಕರಾವಳಿಯವರು ಮುರಕಲ್ಲೆಂದೂ ಚಿರೆಕಲ್ಲೆಂದೂ ಕರೆಯುವ ಜಂಬಿಟ್ಟಿಗೆಯು ಗೋಡೆಗೆ ಒಳ್ಳೆಯದು. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವುದು ಅದರ ಗುಣ. ಆದರೂ ಗ್ರಾನೈಟಿನಷ್ಟು ಗಟ್ಟಿಯಾಗದೆ, ಗಾಲಿ ಓಡಾಡಿದ ಕಡೆ ಸವೆದು ಗುಳಿ ಬೀಳುತ್ತದೆ. ಹೂದೋಟದ ಕಾಲುದಾರಿಗೆ ಬಳಸಬಹುದು. ಕರಿಕಲ್ಲು ನೋಡಲು ಚೆಂದ. ಆದರೆ ಚೈತ್ರ ವೈಶಾಖದ ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ನಡೆದವರು ಮತ್ತೆ ನಡೆಯುವುದಿಲ್ಲ. ಯಾವ ಕಲ್ಲಾದರೂ ಸರಿ, ಹೊರಗೆ ಹಾಸುವುದಕ್ಕೆ ಹೊಳಪು ಕೊಟ್ಟ ಮುಖ ಬೇಡವೇ ಬೇಡ. ಉಳಿಯಿಂದ ಹೊಡೆದು ಒರಟುಮಾಡಿದ, ಅಥವಾ ಬೆಂಕಿಯ ಜ್ವಾಲೆ ಹಾಯಿಸಿ ತರಿತರಿ ಮಾಡಿದ ಮುಖವಿರಬೇಕು. ಇದನ್ನು ನಾವು ಒಂದು ಮಣಿಕಟ್ಟಿನ ಬೆಲೆ ತೆತ್ತು ಕಲಿತಿದ್ದೇವೆ.

ಈಗ ಕಲ್ಲಿನ ಕೆಳಗಣ ಮಾತು. ಕಾರಿನ ದಾರಿಗೆ ಒಂದು ಅಡಿ ಆಳ ಅಗೆಯಬೇಕು. ಬೇರು, ಕಸ, ಸಡಿಲ ಮಣ್ಣು ಯಾವುದೂ ಉಳಿಯಬಾರದು. ಕೆಳಗಿನ ನೆಲವನ್ನು ದಿಮ್ಮಸಿನಿಂದ ಚೆನ್ನಾಗಿ ಬಡಿದು, ಅದರ ಮೇಲೆ ಆರು ಅಂಗುಲ ಜಲ್ಲಿಯನ್ನು ಎರಡು ವರಸೆಯಾಗಿ ಹರಡಿ, ಪ್ರತಿ ವರಸೆಯನ್ನೂ ಬೇರೆ ಬೇರೆಯಾಗಿ ಬಡಿಯತಕ್ಕದ್ದು. ಒಟ್ಟಿಗೆ ಸುರಿದು ಮೇಲೊಂದಿಷ್ಟು ಬಡಿದರೆ ಒಳಗೆ ಟೊಳ್ಳು ಉಳಿಯುತ್ತದೆ. ಜಲ್ಲಿಯ ಮೇಲೆ ಎರಡು ಅಂಗುಲ ದಪ್ಪ ಮರಳು. ಅದರ ಮೇಲೆ ಕಲ್ಲು. ಬರಿಯ ಕಾಲುದಾರಿಗಾದರೆ ಎರಡು ಅಂಗುಲ ದಪ್ಪದ ಕಲ್ಲೂ, ನಾಲ್ಕು ಅಂಗುಲ ಜಲ್ಲಿಯೂ ಸಾಕು. ಧಾರವಾಡ, ವಿಜಯಪುರಗಳ ಕಡೆಯ ಎರೆಮಣ್ಣಿನ ಸೀಮೆಯವರು ಮಾತ್ರ ಇನ್ನೂ ಆಳ ಅಗೆದು, ಎರೆಯನ್ನು ತೆಗೆದು ಗರಸು ತುಂಬಬೇಕು. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಮಣ್ಣಿನ ಮೇಲೆ ಯಾವ ಹಾಸೂ ಸಮನಾಗಿ ನಿಲ್ಲುವುದಿಲ್ಲ. ಹೊಸ ಮಾತೇನೂ ಇದಲ್ಲ. ಕ್ರಿಸ್ತಪೂರ್ವ ೩೧೨ರಲ್ಲಿ ರೋಮನರು ಆರಂಭಿಸಿದ ಆಪ್ಪಿಯಾ ಮಾರ್ಗದ ಕೆಲವು ಭಾಗಗಳಲ್ಲಿ ಹಳೆಯ ಕಲ್ಲುಹಾಸನ್ನು ಇಂದಿಗೂ ಕಾಣಬಹುದು. ಅಲ್ಲಿಯೂ ಮೇಲಿನ ಕಲ್ಲನ್ನು ಹೊತ್ತಿರುವುದು ಕೆಳಗಿನ ತಳಪಾಯವೇ.

ಎರಡು ಬದಿಗೂ ಅಂಚುಕಲ್ಲು ಬೇಕು. ಇವನ್ನು ಮಾತ್ರ ಕಾಂಕ್ರೀಟಿನಲ್ಲಿ ಭದ್ರವಾಗಿ ಕೂರಿಸಬೇಕು. ಪುಸ್ತಕದ ಕಪಾಟಿನಲ್ಲಿ ಕೊನೆಯ ಪುಸ್ತಕಕ್ಕೆ ಒತ್ತು ಕೊಡದಿದ್ದರೆ ಸಾಲೆಲ್ಲವೂ ವಾಲುವಂತೆ, ಅಂಚು ಸಡಿಲವಾದರೆ ಒಳಗಿನ ಕಲ್ಲುಗಳೆಲ್ಲ ಹರಡಿಕೊಳ್ಳುತ್ತವೆ. ಇಳಿಜಾರು ಯಾವಾಗಲೂ ಮನೆಯ ಗೋಡೆಯಿಂದ ಆಚೆಗೆ, ಗಿಡಗಳ ಪಾತಿಯ ಕಡೆಗೆ ಇರಲಿ. ೧೦ ಅಡಿ ಅಗಲಕ್ಕೆ ಎರಡರಿಂದ ಎರಡೂವರೆ ಅಂಗುಲ ತಗ್ಗು ಸಾಕು. ದಾರ ಕಟ್ಟಿ, ರಸಮಟ್ಟವಿಟ್ಟು ನೋಡಿಕೊಳ್ಳಬೇಕು, ಕಣ್ಣಳತೆಯನ್ನು ನಂಬಬಾರದು.

ಕಲ್ಲುಗಳನ್ನು ಇಟ್ಟಿಗೆಯ ಗೋಡೆಯಲ್ಲಿ ಮಾಡುವಂತೆ ಸಂದು ತಪ್ಪಿಸಿ ಜೋಡಿಸಬೇಕು. ಗಾಲಿ ಹೋಗುವ ದಿಕ್ಕಿನಲ್ಲಿ ಉದ್ದಕ್ಕೂ ಒಂದೇ ಸಂದು ಬಂದರೆ ಅಲ್ಲಿ ಗಾಡಿಜಾಡು ಬೀಳುತ್ತದೆ. ಕೈಯಿಂದ ಕಡಿದ ಕಲ್ಲಾದರೆ ನಡುವೆ ಅರ್ಧ ಅಂಗುಲ ಸಂದು, ಯಂತ್ರದಿಂದ ಕೊಯ್ದ ಕಲ್ಲಾದರೆ ಅದಕ್ಕಿಂತ ಕಡಮೆ. ಕಲ್ಲನ್ನು ಬೇಕಾದ ಮಟ್ಟಕ್ಕಿಂತ ಅರ್ಧ ಅಂಗುಲ ಎತ್ತರಕ್ಕೆ ಇಟ್ಟು, ಬಡಿದು ಮಟ್ಟಕ್ಕೆ ಇಳಿಸುವುದು ಕ್ರಮ. ತರುವಾಯ ದಪ್ಪ ಮರಳನ್ನೋ ಸಣ್ಣ ಕಲ್ಲಿನ ಹರಳನ್ನೋ ಮೇಲೆ ಹರಡಿ, ಪೊರಕೆಯಿಂದ ಗುಡಿಸಿ ಗುಡಿಸಿ ಸಂದುಗಳನ್ನು ತುಂಬಬೇಕು. ಒಂದು ಮಳೆಗೆ ಅದು ತಗ್ಗುತ್ತದೆ, ಮತ್ತೊಮ್ಮೆ ತುಂಬಬೇಕು.

ಇಲ್ಲಿಯೇ ಅನೇಕರು ತಪ್ಪುವುದು. ಸಂದಿಗೆ ಸಿಮೆಂಟು ತುಂಬಿದರೆ ಹುಲ್ಲು ಬೆಳೆಯುವುದಿಲ್ಲ, ನೋಡಲು ಅಚ್ಚುಕಟ್ಟು ಎಂದು ಮೇಸ್ತ್ರಿಗಳೂ ಹೇಳುವುದುಂಟು. ಆದರೆ ಕೆಳಗಿರುವ ಮರಳು ಜಲ್ಲಿಗಳು ಗಾಲಿಯ ಭಾರಕ್ಕೆ ಒಂದಿಷ್ಟು ಅಲುಗುತ್ತವೆ; ಸಿಮೆಂಟು ಅಲುಗಲಾರದೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರಿಳಿದು ಕಲ್ಲು ಸಡಿಲಗೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀರಿಗಿದ್ದ ದಾರಿಯು ಮತ್ತೆ ಮುಚ್ಚಿ, ನಾವು ಮೊದಲು ಮಾಡಿದ ತಪ್ಪೇ ಕಲ್ಲಿನ ವೇಷದಲ್ಲಿ ಬಂದಂತಾಗುತ್ತದೆ. ಮರಳಿನ ಸಂದಿಗೆ ಇನ್ನೊಂದು ಉಪಕಾರವೂ ಉಂಟು. ಕಳೆದ ವರ್ಷ ನಮ್ಮ ನೀರಿನ ಕೊಳವೆ ದಾರಿಯ ನಡುವೆ ಒಡೆಯಿತು. ಕಲ್ಲುಗಳನ್ನು ಎತ್ತಿಟ್ಟು, ಕೊಳವೆಯನ್ನು ಸರಿಪಡಿಸಿ, ಅವೇ ಕಲ್ಲುಗಳನ್ನು ಸಂಜೆಯ ಹೊತ್ತಿಗೆ ಮರಳಿ ಕೂರಿಸಲಾಯಿತು. ಒಂದೂ ವ್ಯರ್ಥವಾಗಲಿಲ್ಲ. ಕಾಂಕ್ರೀಟನ್ನು ಒಡೆದಿದ್ದರೆ ತೇಪೆ ಶಾಶ್ವತವಾಗಿ ಕಾಣುತ್ತಿದ್ದಿತು.

ಲೆಕ್ಕವನ್ನು ಮನೆಯ ಮಕ್ಕಳಿಂದಲೇ ಮಾಡಿಸಬಹುದು. ಅರ್ಧ ಅಂಗುಲ ಸಂದು ಸೇರಿ ಒಂದು ಕಲ್ಲು ನಾಲ್ಕೂವರೆ ಅಂಗುಲದ ಚೌಕವನ್ನು ಆಕ್ರಮಿಸುತ್ತದೆ. ಆದಕಾರಣ ಚದರ ಅಡಿಗೆ ಏಳಕ್ಕಿಂತ ತುಸು ಹೆಚ್ಚು ಕಲ್ಲು. ನಮ್ಮ ೪೦೦ ಚದರ ಅಡಿಗೆ ಸುಮಾರು ೨,೮೫೦ ಕಲ್ಲುಗಳು ಬೇಕಾದುವು. ಒಂದೊಂದರ ತೂಕ ಹೆಚ್ಚುಕಡಮೆ ೨¾ ಕಿಲೋ. ಒಟ್ಟು ಹತ್ತಿರ ಹತ್ತಿರ ೮ ಟನ್. ಜಲ್ಲಿ ಬಡಿದ ಮೇಲೆ ೨೦೦ ಘನ ಅಡಿ. ಬಡಿದಾಗ ತಗ್ಗುವುದರಿಂದ ಕಾಲುಭಾಗ ಹೆಚ್ಚಾಗಿ ತರಿಸಬೇಕು. ಮರಳು, ಸಂದಿಗೂ ಸೇರಿ, ೧೦೦ ಘನ ಅಡಿ. ಒಡೆದವುಗಳ ಬದಲಿಗೆ ನೂರು ಕಲ್ಲು ಹೆಚ್ಚಿಗೆ ತರಿಸಿ ಹಿತ್ತಿಲಿನಲ್ಲಿಟ್ಟಿರುವುದು ಜಾಣತನ. ದರ ಕೇಳುವಾಗ ಬರಿಯ ಕಲ್ಲಿನ ದರವನ್ನು ಕೇಳಬಾರದು. ಅಗೆತ, ಜಲ್ಲಿ, ಅಂಚು, ಹಾಸುವ ಕೂಲಿ ಎಲ್ಲವೂ ಸೇರಿ ಚದರ ಅಡಿಗೆ ಎಷ್ಟೆಂದು ಕೇಳಬೇಕು. ಕಾಣದ ಜಲ್ಲಿಯಲ್ಲಿಯೇ ಉಳಿತಾಯ ಮಾಡುವವರುಂಟು.

ಚೌಕಗಲ್ಲಿನ ದೋಷಗಳನ್ನೂ ಮುಚ್ಚಿಡಬಾರದು. ಕೈಯಿಂದ ಕಡಿದ ಕಲ್ಲಿನ ಮೇಲೆ ಗಾಲಿಕುರ್ಚಿ ತಳ್ಳುವುದು ಕಷ್ಟ. ಊರುಗೋಲು ಸಂದಿಗೆ ಸಿಕ್ಕಿಕೊಳ್ಳುತ್ತದೆ. ವೃದ್ಧರಿರುವ ಮನೆಯಲ್ಲಿ ಗೇಟಿನಿಂದ ಬಾಗಿಲಿಗೆ ಮೂರಡಿ ಅಗಲದ ಒಂದು ಪಟ್ಟೆಯನ್ನಾದರೂ ಸಮತಟ್ಟಾದ, ಒರಟು ಮುಖದ ಚಪ್ಪಡಿಗಳಿಂದ ಮಾಡಬೇಕು. ಮರದ ನೆರಳಿನಲ್ಲಿ ಮಳೆಗಾಲಕ್ಕೆ ಪಾಚಿ ಕಟ್ಟುತ್ತದೆ. ಆಗ ಒರಟು ಕಲ್ಲೂ ಜಾರುತ್ತದೆ. ತೆಂಗಿನ ನಾರಿನ ಗಟ್ಟಿ ಪೊರಕೆಯಿಂದ ವಾರಕ್ಕೊಮ್ಮೆ ಉಜ್ಜಬೇಕು. ಸಂದಿನಲ್ಲಿ ಹುಲ್ಲು ಹುಟ್ಟಿದರೆ ಎಳೆಯದಿರುವಾಗಲೇ ಕಿತ್ತು ಹಾಕಬೇಕು. ವಿಷದ ಔಷಧಿ ಬೇಡ. ಅದು ನೀರಿನೊಡನೆ ನೆಲಕ್ಕೇ ಇಳಿಯುತ್ತದೆ. ಕುದಿಯುವ ನೀರನ್ನು ಹೊಯ್ದರೂ ಸಾಕು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಲೇಖನ ಅಪೂರ್ಣ. ನಮ್ಮಲ್ಲಿ ಅಂಚಿಗೆ ಕೂಡದ ಕಲ್ಲುಗಳನ್ನು ಯಂತ್ರದ ಚಕ್ರದಿಂದ ಕೊಯ್ಯಬೇಕಾಗಿ ಬಂದಿತು. ಕೆಲಸಕ್ಕೆ ಬಂದಿದ್ದ ಹುಡುಗ, ಆ ಕಲ್ಲುಕುಟಿಗನ ಮೊಮ್ಮಗ, ಒಣಗಲ್ಲಿಗೇ ಚಕ್ರ ಹಚ್ಚಿದನು. ಬಿಳಿಯ ಧೂಳು ಎದ್ದಿತು. ಮುದುಕ ಓಡಿ ಬಂದು ಯಂತ್ರವನ್ನು ನಿಲ್ಲಿಸಿ, ಹುಡುಗನನ್ನು ಬೈದು, ನಮ್ಮ ಕಡೆಗೆ ತಿರುಗಿ ನೀರು ಕೇಳಿದನು. “ನಮ್ಮಪ್ಪ ಈ ಧೂಳು ಕುಡಿದೇ ಹೋದ. ಕಡೇ ಮೂರು ವರ್ಷ ಬಾಗಿಲಿಂದ ಬಾವಿಗೆ ನಡೆಯೋಕಾಗ್ತಿರಲಿಲ್ಲ” ಎಂದನು. ಗ್ರಾನೈಟಿನಲ್ಲಿರುವ ಬೆಣಚಿನ ಅತಿ ಸೂಕ್ಷ್ಮ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶಗಳಲ್ಲಿ ನೆಲಸಿ ಗಾಯಮಾಡುತ್ತದೆ. ಈ ರೋಗಕ್ಕೆ ವೈದ್ಯರು ಸಿಲಿಕೋಸಿಸ್ ಎನ್ನುತ್ತಾರೆ. ಬಂದ ಮೇಲೆ ಇದನ್ನು ಗುಣಪಡಿಸುವ ಔಷಧವಿಲ್ಲ; ಬಾರದಂತೆ ತಡೆಯುವುದು ಸಾಧ್ಯ. ಕಲ್ಲು ಕೊಯ್ಯುವಾಗ ಚಕ್ರದ ಮೇಲೆ ಸತತವಾಗಿ ನೀರು ಬೀಳುತ್ತಿದ್ದರೆ ಧೂಳು ಬಹುಮಟ್ಟಿಗೆ ಏಳುವುದಿಲ್ಲ. ಸೂಕ್ಷ್ಮ ಧೂಳನ್ನು ತಡೆಯುವ ಮುಖಕವಚವೂ ಬೇಕು. ಬಾಯಿಗೆ ಕಟ್ಟಿದ ಟವಲು ಸಾಲದು. ಗೃಹಸ್ಥನಾದವನು ಕೆಲಸ ಒಪ್ಪಿಸುವಾಗಲೇ ಇದನ್ನು ಹೇಳಿ, ನೀರನ್ನೂ ಮುಖಕವಚವನ್ನೂ ತಾನೇ ಒದಗಿಸತಕ್ಕದ್ದು. ಮನೆಯ ಅಂಗಳದಲ್ಲಿ ದುಡಿಯುವವನ ಉಸಿರು ಮನೆಯ ಯಜಮಾನನ ಹೊಣೆ. ಆ ದಿನ ನಮ್ಮ ಮಗನು ಕೊಳವೆ ಹಿಡಿದು ಚಕ್ರದ ಮೇಲೆ ನೀರು ಬಿಡುತ್ತ ಸಂಜೆಯವರೆಗೂ ನಿಂತನು.

ಕಲ್ಲು ಹಾಸಿ ಎರಡು ಮಳೆಗಾಲಗಳು ಕಳೆದಿವೆ. ಒಂದು ಅಂಗಳದ ನೀರು ಇಂಗಿದ ಮಾತ್ರಕ್ಕೆ ಬಾವಿ ತುಂಬಿತೆಂದು ನಾವು ಹೇಳುವುದಿಲ್ಲ; ಬೀದಿಯ ಇಪ್ಪತ್ತು ಮನೆಗಳವರು ಹೀಗೆ ಮಾಡಿದರೆ ಆಗ ನೋಡಬಹುದು. ಬಿರುಸಾದ ಮಳೆಯಲ್ಲಿ ಕಲ್ಲಿನ ಮೇಲೂ ಸ್ವಲ್ಪ ನೀರು ಹರಿಯುತ್ತದೆ. ಅದು ಬಾಳೆಯ ಪಾತಿಗೆ ಹೋಗಿ ನಿಲ್ಲುತ್ತದೆ. ಪಕ್ಕದ ಮನೆಯ ಹೊಸ್ತಿಲಿಗೆ ಹೋಗಿಲ್ಲ. ಕಳೆದ ದೀಪಾವಳಿಗೆ ಆ ವೃದ್ಧೆಯವರು ಒಂದು ಡಬ್ಬಿ ಚಕ್ಕುಲಿ ಕಳುಹಿಸಿದ್ದರು. ಬಾಗಿಲ ಮುಂದೆ ಮಾತ್ರ, ನಮ್ಮ ಮನೆಯವರ ಅಪ್ಪಣೆಯಂತೆ, ಚೌಕಗಲ್ಲಿನ ಬದಲು ಅಗಲವಾದ ಒಂದು ಒರಟು ಚಪ್ಪಡಿಯನ್ನು ಹಾಕಿಸಿದ್ದೇವೆ. ಸಂದುಗಳ ಮೇಲೆ ರಂಗವಲ್ಲಿಯ ಎಳೆ ಕೂಡುವುದಿಲ್ಲವೆಂದು ಅವರು ಮೊದಲೇ ತಿಳಿಸಿದ್ದರು.

ಆದುದರಿಂದ ಹಾಸನದ ಮಹನೀಯರಿಗೆ ನಮ್ಮ ಸಲಹೆ ಇದು: ಕಲ್ಲಿನ ಅಂಗಡಿಗೆ ಹೋಗುವ ಮುನ್ನ ಒಂದು ಒಳ್ಳೆಯ ಮಳೆಯ ದಿನ ಛತ್ರಿ ಹಿಡಿದು ನಿಮ್ಮ ಅಂಗಳದಲ್ಲಿ ಅರ್ಧ ಗಂಟೆ ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಮನೆಯ ಕಡೆಗೆ ಹೋಗುತ್ತದೆ ಎಂಬುದನ್ನು ನೋಡಿ ಬರೆದಿಟ್ಟುಕೊಳ್ಳಿ. ಆ ಕಾಗದವನ್ನು ಮೊದಲು ಕಲ್ಲುಕುಟಿಗನಿಗೆ ತೋರಿಸಿ. ಕಲ್ಲಿನ ಬಣ್ಣದ ಮಾತು ಅನಂತರ ಬರಲಿ. ಮುಂದಿನ ತಿಂಗಳು ಹಿತ್ತಿಲಿನ ಬಚ್ಚಲು ನೀರನ್ನು ಬಾಳೆ, ಕೆಸುವುಗಳಿಗೆ ತಿರುಗಿಸುವ ವಿಚಾರವನ್ನು ಬರೆಯುತ್ತೇವೆ.